ಎರಡು ಗಂಟೆಗೊಂದು ಮಗ್ಗುಲು

ಅಪ್ಪನ ಹಾಸಿಗೆ ಹುಣ್ಣು ಮೊದಲು ಕಂಡದ್ದು ಬಟ್ಟೆಯ ಮೇಲೆ. ಒಗೆಯೋಣ ಅಂತ ಅಪ್ಪನ ಪಂಚೆಯನ್ನು ಬಕೆಟ್ಟಿಗೆ ಹಾಕುವಾಗ ಹಿಂಭಾಗದಲ್ಲಿ ಐದು ರೂಪಾಯಿ ನಾಣ್ಯದಷ್ಟು ಜಾಗ ಗಂಜಿ ಹಾಕಿದಂತೆ ಬಿರುಸಾಗಿತ್ತು. ತಿಳಿ ಹಳದಿ, ಅಂಚಿನಲ್ಲಿ ಕಂದು. ಇಪ್ಪತ್ತೆರಡು ವರ್ಷದಿಂದ ಹೊಲಿಗೆ ಮೆಷಿನ್ನಿನ ಮುಂದೆ ಕೂತವಳು ನಾನು. ಕಲೆ ಎಣ್ಣೆಯದೋ, ಟೀಯದೋ, ರಕ್ತದ್ದೋ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಇದು ಉಚ್ಚೆಯ ಕಲೆ ಅಲ್ಲ. ಮೂಗಿನ ಹತ್ತಿರ ಹಿಡಿದೆ. ಕೊಳೆತ ವಾಸನೆ.

ಅಪ್ಪನಿಗೆ ಆಗ 74. ಕಾರ್ತಿಕದಲ್ಲಿ ಒಂದು ಬೆಳಗ್ಗೆ ತೋಟಕ್ಕೆ ಹೊರಟವನು ಅಂಗಳದಲ್ಲೇ ಕುಸಿದಿದ್ದ. ಲಕ್ವ ಹೊಡೆದು ಎಡಭಾಗ ಪೂರ್ತಿ ಬಿದ್ದುಹೋಗಿತ್ತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ತಿಪಟೂರಿನ ನಮ್ಮ ಮನೆಗೆ ಬಂದ. ಬಿ.ಪಿ. ಮಾತ್ರೆ, ಶುಗರ್ ಮಾತ್ರೆ, ಕೈಕಾಲಿನ ವ್ಯಾಯಾಮ, ಮೂತ್ರದ ಪೈಪು, ಎಲ್ಲವನ್ನೂ ಹೇಳಿ ಕಳಿಸಿದ್ದರು. ಬೆನ್ನಿನ ವಿಷಯಕ್ಕೆ ಇದ್ದದ್ದು ಒಂದೇ ಮಾತು: ಆಗಾಗ ಮಗ್ಗುಲು ಬದಲಿಸಿ. ಆಗಾಗ ಅಂದರೆ ಎಷ್ಟು ಹೊತ್ತಿಗೊಮ್ಮೆ ಅಂತ ನಾವು ಕೇಳಲಿಲ್ಲ, ಅವರೂ ಬಿಡಿಸಿ ಹೇಳಲಿಲ್ಲ.

ಮೈ ಒರೆಸಿ ಬಟ್ಟೆ ಬದಲಿಸುವ ಕೆಲಸ ತಮ್ಮನದಾಗಿತ್ತು. ನಾನು ಕೋಣೆಗೆ ಬಂದರೆ ಅಪ್ಪ ಆಡುವ ಬಲಗೈಯಲ್ಲಿ ಹೊದಿಕೆಯನ್ನು ಎದೆವರೆಗೆ ಎಳೆದುಕೊಳ್ಳುತ್ತಿದ್ದ. ಮಗಳ ಮುಂದೆ ಮೈ ಬಿಡುವುದು ಅವನಿಗೆ ಲಕ್ವಕ್ಕಿಂತ ದೊಡ್ಡ ಸಂಕಟ. ತಮ್ಮನೋ, ಅಪ್ಪನ ಮೈಯನ್ನು ಕಣ್ಣಿಟ್ಟು ನೋಡಲು ಹಿಂಜರಿದು, ಮುಖ ಆಚೆ ತಿರುಗಿಸಿಯೇ ಒರೆಸುತ್ತಿದ್ದನಂತೆ. ಮಾನದ ಪ್ರಶ್ನೆ ಅಂತ ಮೂವರೂ ಸುಮ್ಮನಿದ್ದೆವು. ಮನೆಗೆ ಬಂದ ಹತ್ತೊಂಬತ್ತನೇ ದಿನ ಆ ಪಂಚೆಯನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋಗಿ, "ಅಪ್ಪಾ, ನಾನು ನೋಡಲೇಬೇಕು" ಅಂದೆ. "ಬೇಡ ಕಣವ್ವ" ಅಂದ. ತಮ್ಮ ಮೆಲ್ಲಗೆ ಮಗ್ಗುಲಿಗೆ ಹೊರಳಿಸಿದ.

ಬೆನ್ನುಮೂಳೆ ಮುಗಿದು ಪೃಷ್ಠ ಶುರುವಾಗುವ ಜಾಗದಲ್ಲಿ, ನಡುಮಧ್ಯೆ, ಒಣಗಿದ ತೊಗಲಿನಂಥ ಕಪ್ಪು ಪಟ್ಟೆ. ಸುತ್ತ ಕೆಂಪು ಮಿಶ್ರಿತ ನೇರಳೆ. ಒಂದು ಅಂಚು ಬಿಟ್ಟುಕೊಂಡು ಅಲ್ಲಿಂದ ಕೀವು ಒಸರುತ್ತಿತ್ತು. ಅಪ್ಪನಿಗೆ ನೋವು ಅಷ್ಟಾಗಿ ತಿಳಿದಿರಲೇ ಇಲ್ಲ. ಶುಗರ್ ಹಳೆಯದು, ಎಡಭಾಗದ ಸ್ಪರ್ಶ ಅರ್ಧಕ್ಕರ್ಧ ಹೋಗಿತ್ತು. ನಾವು ನಿದ್ದೆಯಲ್ಲೂ ಮೈ ಒತ್ತಿದರೆ ಹೊರಳುತ್ತೇವಲ್ಲ, ಆ ಹೊರಳುವಿಕೆಯನ್ನು ಕಾಯಿಲೆ ಕಿತ್ತುಕೊಂಡಿತ್ತು. ಅವನ ಬದಲು ಹೊರಳಿಸಬೇಕಾಗಿದ್ದವರು ನಾವು.

ಡಾಕ್ಟರು ಕಪ್ಪು ಚರ್ಮದ ಸುತ್ತ ಬೆರಳಾಡಿಸಿ, "ಇದು ಸತ್ತಿರೋ ಚರ್ಮ. ತೆಗೆದ ಮೇಲೇ ಎಷ್ಟು ಆಳ ಅಂತ ಹೇಳಬಹುದು" ಅಂದರು. ತೆಗೆದರು. ಮನೆಗೆ ಬಂದು ಮೊದಲ ಸಲ ಪಟ್ಟಿ ಬಿಚ್ಚಿದಾಗ ನನ್ನ ಕೈ ನಡುಗಿತು. ಮೊದಲಿಗಿಂತ ದೊಡ್ಡದು, ಆಳದ್ದು: ಉದ್ದ 5 ಸೆಂಟಿಮೀಟರ್, ಅಗಲ 4. ಒಳಗೆ ಹಳದಿ ಕೊಬ್ಬು ಕಾಣುತ್ತಿತ್ತು. ಕೆಡಿಸಿಬಿಟ್ಟರು ಅಂತ ಅಮ್ಮ ಅತ್ತಳು. ಕೆಡಿಸಿರಲಿಲ್ಲ. ಅದು ಇದ್ದದ್ದೇ ಅಷ್ಟು, ಕಪ್ಪು ಮುಚ್ಚಳದ ಕೆಳಗೆ ನಮಗೆ ಕಂಡಿರಲಿಲ್ಲ. ಹಾಸಿಗೆ ಹುಣ್ಣಿಗೆ ನಾಲ್ಕು ಹಂತ. ಚರ್ಮ ಒಡೆಯದೆ ಬರೀ ಕೆಂಪಾದರೆ ಒಂದು, ಮೇಲ್ಪದರ ಕಿತ್ತರೆ ಅಥವಾ ನೀರುಗುಳ್ಳೆ ಎದ್ದರೆ ಎರಡು, ಕೊಬ್ಬಿನವರೆಗೆ ಇಳಿದರೆ ಮೂರು, ಸ್ನಾಯು ಮೂಳೆ ಕಂಡರೆ ನಾಲ್ಕು. ಅಪ್ಪನದು ಮೂರು. ಅಮೆರಿಕದ ತಜ್ಞರ ಮಂಡಳಿ 2016ರಲ್ಲಿ ಇದನ್ನು 'ಅಲ್ಸರ್' ಅನ್ನುವ ಬದಲು 'ಇಂಜುರಿ' ಅಂತ ಕರೆಯಲು ತೀರ್ಮಾನಿಸಿತು ಎಂದು ಆಮೇಲೆ ಓದಿದೆ. ಚರ್ಮ ಒಡೆಯುವ ಮೊದಲೇ ಪೆಟ್ಟು ಬಿದ್ದಾಗಿರುತ್ತದೆ ಅನ್ನುವುದನ್ನು ಅದು ಸರಿಯಾಗಿ ಹೇಳುತ್ತದೆ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಮಾಂಸಕ್ಕೆ ರಕ್ತ ನಿಂತುಹೋಗುತ್ತದೆ. ಒಳಗೆ ಸತ್ತದ್ದು ಹೊರಗೆ ಕಾಣಲು ದಿನಗಳೇ ಬೇಕಾಗಬಹುದು.

ನಮ್ಮ ಪಕ್ಕದ ಬೀದಿಯಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದಾರೆ. ಎಲ್ಲರೂ ಸಿಸ್ಟರಕ್ಕ ಅನ್ನುತ್ತೇವೆ. ನನಗೆ ಈ ಕೆಲಸ ಕಲಿಸಿದವರು ಅವರು. ಬಂದವರು ಹುಣ್ಣು ನೋಡುವ ಮೊದಲು ಮಂಚ ನೋಡಿದರು. ತಲೆಕಡೆ ಮೂರು ದಿಂಬು ಪೇರಿಸಿ ಅಪ್ಪನನ್ನು ಒರಗಿಸಿದ್ದೆವು, ಟಿ.ವಿ. ಕಾಣಲಿ ಅಂತ. ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಅದೇ ಭಂಗಿ.

"ಇವರು ದಿನಕ್ಕೆ ಎಷ್ಟು ಸಲ ಕೆಳಕ್ಕೆ ಜಾರ್ತಾರೆ?"

"ನಾಲ್ಕೈದು ಸಲ ಅಕ್ಕ. ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಎಳೀತೀವಿ."

"ಅದೇ ನೋಡಮ್ಮ ಹುಣ್ಣು ಮಾಡಿದ್ದು."

ಹೊಲಿಗೆಯವಳಾದ್ದರಿಂದ ಅವರ ವಿವರಣೆ ನನಗೆ ತಕ್ಷಣ ಹಿಡಿಸಿತು. ಮೇಲಿನ ಬಟ್ಟೆಯನ್ನು ಒತ್ತಿ ಹಿಡಿದು ಲೈನಿಂಗ್ ಎಳೆದರೆ ಎರಡರ ನಡುವಿನ ಕಚ್ಚಾ ಹೊಲಿಗೆ ಹರಿಯುತ್ತದಲ್ಲ, ಹಾಗೆ. ಒರಗಿದವರು ಜಾರುವಾಗ ಚರ್ಮ ಹಾಸಿಗೆಗೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ, ಒಳಗಿನ ಮೂಳೆ ಕೆಳಗೆ ಸರಿಯುತ್ತದೆ. ನಡುವಿನ ಸಣ್ಣ ರಕ್ತನಾಳಗಳು ಜಗ್ಗಿ ಹರಿಯುತ್ತವೆ. ನಾವು ಎಳೆದಾಗ ಅದೇ ಕೆಲಸ ತಿರುಗಾ. ಅಂದಿನಿಂದ ತಲೆಕಡೆ 30 ಡಿಗ್ರಿಗಿಂತ ಹೆಚ್ಚು ಏರಿಸಲಿಲ್ಲ. ಊಟದ ಹೊತ್ತು ಮಾತ್ರ ಬೇರೆ. ಲಕ್ವ ಹೊಡೆದ ಎಷ್ಟೋ ಜನರಿಗೆ ಗಂಟಲು ಸಡಿಲ, ಮಲಗಿಸಿ ಉಣ್ಣಿಸಿದರೆ ಅನ್ನ ಶ್ವಾಸಕೋಶಕ್ಕೆ ಹೋಗಬಹುದು. ಆದ್ದರಿಂದ ಊಟಕ್ಕೆ ನೆಟ್ಟಗೆ ಕೂರಿಸಲೇಬೇಕು, ಉಂಡ ಮೇಲೂ ಅರ್ಧ ಗಂಟೆ ಹಾಗೇ ಇರಬೇಕು. ಅದಕ್ಕೊಂದು ಕ್ರಮ ಹೇಳಿಕೊಟ್ಟರು: ಮೊದಲು ಮಂಡಿಯ ಕೆಳಗೆ ದಿಂಬು ಕೊಟ್ಟು ಮಂಡಿ ಮಡಿಸು, ಆಮೇಲೆ ತಲೆಕಡೆ ಏರಿಸು. ಮಂಡಿ ಮಡಚಿದ್ದರೆ ಮೈ ಕೆಳಕ್ಕೆ ಜಾರುವುದಿಲ್ಲ. ಅರ್ಧ ಗಂಟೆಯ ಮೇಲೆ ಇಳಿಸಿ ಮಗ್ಗುಲಿಗೆ ಹಾಕು.

ಮೇಲಕ್ಕೆ ಎಳೆಯುವುದನ್ನು ನಿಲ್ಲಿಸಿದೆವು, ಎತ್ತುವುದನ್ನು ಕಲಿತೆವು. ಅಮ್ಮನ ಹಳೇ ಕಾಟನ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹೆಗಲಿನಿಂದ ತೊಡೆವರೆಗೆ ಬರುವಂತೆ ಅಪ್ಪನ ಕೆಳಗೆ ಹಾಸಿದೆ. ಆಚೆ ತಮ್ಮ, ಈಚೆ ನಾನು, ಅಂಚನ್ನು ಮೈಗೆ ಹತ್ತಿರವಾಗಿ ಸುತ್ತಿ ಹಿಡಿದು, "ಒಂದು, ಎರಡು, ಮೂರು" ಅಂದು ಒಟ್ಟಿಗೆ ಎತ್ತುವುದು. ಮೈ ಹಾಸಿಗೆಯಿಂದ ಮೇಲೆದ್ದು ಸರಿಯಬೇಕು, ಉಜ್ಜಬಾರದು. ಸೀರೆಯ ಜರಿಯಂಚು ಕತ್ತರಿಸಿ ತೆಗೆದೆ. ಸೆರಗಿನ ಕುಚ್ಚೂ ತೆಗೆದೆ. ಆಮೇಲೆ ನನ್ನ ಕಣ್ಣು ಎಲ್ಲ ಬಟ್ಟೆಗಳ ಮೇಲೆ ಬಿತ್ತು. ಬೆಡ್‌ಶೀಟಿನ ನಡುವಿನ ಜೋಡಣೆ ಹೊಲಿಗೆ ಸರಿಯಾಗಿ ಬೆನ್ನ ಬುಡಕ್ಕೆ ಬರುತ್ತಿತ್ತು. ಪಂಚೆಯ ಗಂಟು ಸೊಂಟದ ಪಕ್ಕ ಒತ್ತುತ್ತಿತ್ತು. ಅಂಗಿಯ ಬೆನ್ನ ಮೇಲೊಂದು ಪ್ಲೀಟು. ನಮಗೆ ಇವು ಏನೂ ಅಲ್ಲ. ಅಲ್ಲಾಡಲಾಗದೆ ಎರಡು ಗಂಟೆ ಅದರ ಮೇಲೆ ಮಲಗಿದವರ ಚರ್ಮದ ಮೇಲೆ ಹೊಲಿಗೆಯ ಒಂದೊಂದು ಟಾಕಿಯೂ ಅಚ್ಚು ಬೀಳುತ್ತದೆ, ನಾನೇ ಬೆರಳಿಟ್ಟು ಎಣಿಸಿದ್ದೇನೆ. ಹಿಂದೆ ಜೋಡಣೆಯೇ ಇಲ್ಲದ, ಮುಂದೆ ಎರಡು ಲಾಡಿ ಇರುವ ಅರ್ಧ ಪಂಚೆ ನಾಲ್ಕು, ಬೆನ್ನು ಪೂರ್ತಿ ತೆರೆದ ಮಲ್‌ಮಲ್ ಅಂಗಿ ನಾಲ್ಕು ಹೊಲಿದೆ. ಮಾನಕ್ಕೂ ಅನುಕೂಲವಾಯಿತು. ಪಂಚೆಯ ಮುಂಭಾಗ ಹಾಗೇ ಇರುತ್ತದೆ, ಹಿಂದೆ ಮಾತ್ರ ಸರಿಸಿ ಡ್ರೆಸಿಂಗ್ ಮಾಡಬಹುದು. ಅಪ್ಪ ಹೊದಿಕೆ ಎಳೆದುಕೊಳ್ಳುವುದನ್ನು ಬಿಟ್ಟದ್ದು ಆ ಪಂಚೆ ಬಂದ ಮೇಲೆ.

ಮಗ್ಗುಲು ಬದಲಿಸುವ ಲೆಕ್ಕಕ್ಕೆ ಅಂಗಡಿಯ ಹಳೇ ಬಿಲ್ ಪುಸ್ತಕ ಇಟ್ಟೆ. ಹೊತ್ತು, ಎಡವೋ ಬಲವೋ, ಚರ್ಮ ಹೇಗಿತ್ತು, ಯಾರು ಹೊರಳಿಸಿದರು. ಹಗಲು ಎರಡು ಗಂಟೆಗೊಮ್ಮೆ. ಹುಣ್ಣು ಬೆನ್ನ ಬುಡದಲ್ಲಿರುವುದರಿಂದ ಊಟದ ಹೊತ್ತು ಬಿಟ್ಟು ಅಂಗಾತ ಮಲಗಿಸುವಂತೆಯೇ ಇಲ್ಲ. ಬಲ, ಎಡ, ಮತ್ತೆ ಬಲ. ಎಡ ಬಿದ್ದುಹೋದ ಭಾಗವಾದ್ದರಿಂದ ಆ ಕಡೆ ಕಡಿಮೆ ಹೊತ್ತು, ಅದೂ ಎಡ ಭುಜ ಮೈಯಡಿ ಸಿಕ್ಕದಂತೆ ಮುಂದಕ್ಕೆ ತಂದು. ಪೂರ್ತಿ ಮಗ್ಗುಲಿಗೆ ನಿಲ್ಲಿಸಿದರೆ ತೊಡೆಯ ಹೊರಮೂಳೆಯ ಮೇಲೆ ಇಡೀ ಭಾರ ಬಿದ್ದು ಅಲ್ಲೊಂದು ಹೊಸ ಹುಣ್ಣು ಏಳುತ್ತದೆ. ಅದಕ್ಕೆ ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಮಾತ್ರ ವಾಲಿಸುವುದು, ಭಾರವೆಲ್ಲ ಪೃಷ್ಠದ ದಪ್ಪ ಮಾಂಸದ ಮೇಲೆ ಕೂರುವ ಹಾಗೆ. ಮಂಡಿಗಳ ನಡುವೆ ಒಂದು ದಿಂಬು. ಮೀನಖಂಡದ ಉದ್ದಕ್ಕೆ ಒಂದು ದಿಂಬು, ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ. ಹಿಮ್ಮಡಿಯ ಕೆಳಗೆ ಒಂದು ಹಾಳೆ ಸಲೀಸಾಗಿ ಆಡಬೇಕು. ಎಡ ಹಿಮ್ಮಡಿ ಆಗಲೇ ಕೆಂಪಾಗಿತ್ತು. ಬರೀ ಇಷ್ಟರಿಂದ ಅದು ಎಂಟು ದಿನದಲ್ಲಿ ತಿಳಿಯಾಯಿತು, ಏನೂ ಹಚ್ಚದೆ.

ರಾತ್ರಿ ಹನ್ನೆರಡರದು ನನ್ನ ಪಾಳಿ, ಎರಡರದು ತಮ್ಮನದು, ನಾಲ್ಕರದು ನನ್ನದು. ಆರಕ್ಕೆ ಅಮ್ಮ ಏಳುತ್ತಿದ್ದಳು. ಮೊದಲ ತಿಂಗಳು ಮೆಷಿನ್ನಿನ ಮುಂದೆ ಕೂತಲ್ಲೇ ತೂಗಡಿಸಿ ಒಂದು ರವಿಕೆಯ ತೋಳು ತಿರುಗುಮುರುಗು ಹೊಲಿದುಬಿಟ್ಟೆ. ಗಾಳಿ ಹಾಸಿಗೆ ಬಂದ ಮೇಲೆ, ಬೆಳಗ್ಗೆ ಚರ್ಮದ ಮೇಲೆ ಹೊಸ ಗುರುತಿಲ್ಲ ಅಂತ ಖಾತ್ರಿಯಾದ ಮೇಲೆ, ರಾತ್ರಿ ಮಾತ್ರ ನಾಲ್ಕು ಗಂಟೆಗೊಮ್ಮೆ ಸಾಕು ಅಂದರು ಡಾಕ್ಟರು. ಅದು ಅಪ್ಪನ ಚರ್ಮ ನೋಡಿ ಹೇಳಿದ್ದು, ಎಲ್ಲರಿಗೂ ಅದೇ ಲೆಕ್ಕ ಅಲ್ಲ.

ಗಾಳಿ ಹಾಸಿಗೆಯ ಬಗ್ಗೆ ಒಂದಿಷ್ಟು ಹೇಳಲೇಬೇಕು. 2,500 ರೂಪಾಯಿ ಕೊಟ್ಟು ತಂದೆವು, ಗುಳ್ಳೆ ಗುಳ್ಳೆಯಾಗಿರುವಂಥದು. ಪಂಪು ಒಂದು ಸಾಲಿಗೆ ಗಾಳಿ ತುಂಬಿ ಇನ್ನೊಂದು ಸಾಲಿನದು ಇಳಿಸುತ್ತದೆ, ಕೆಲವು ನಿಮಿಷಕ್ಕೊಮ್ಮೆ ಅದಲುಬದಲು. ತಂದ ದಿನ ಇನ್ನು ಹೊರಳಿಸುವ ಕೆಲಸ ಮುಗಿಯಿತು ಅಂದುಕೊಂಡೆವು. ಇಲ್ಲ. ಅದು ನಮಗೆ ಸಹಾಯ ಅಷ್ಟೇ, ಹೊರಳಿಸುವುದು ತಪ್ಪುವುದಿಲ್ಲ. ಅದರ ಮೇಲೆ ಅಮ್ಮ ಮೆತ್ತಗಿರಲಿ ಅಂತ ದಪ್ಪ ಕಂಬಳಿ, ರಬ್ಬರ್ ಶೀಟು, ಬೆಡ್‌ಶೀಟು ಮೂರೂ ಹಾಸಿದ್ದಳು. ಕೆಳಗೆ ಗಾಳಿ ಏನೇ ಆಡಿದರೂ ಮೈಗೆ ತಲುಪುತ್ತಿರಲಿಲ್ಲ. ಒಂದೇ ತೆಳು ಹತ್ತಿ ಬಟ್ಟೆ ಸಾಕು. ಗಾಳಿ ಸಾಲದೆ ಮೂಳೆ ಮಂಚಕ್ಕೇ ತಾಗುತ್ತಿದೆಯೋ ಅಂತ ನೋಡಲು ಸಿಸ್ಟರಕ್ಕ ಒಂದು ಉಪಾಯ ತೋರಿಸಿದರು. ಅಂಗೈ ಮೇಲೆ ಮಾಡಿ ಹಾಸಿಗೆಯ ಅಡಿಯಿಂದ ಅಪ್ಪನ ಸೊಂಟದ ನೇರಕ್ಕೆ ಕೈ ತೂರಿಸುವುದು. ಕೈಗೂ ಮೈಗೂ ನಡುವೆ ಒಂದಿಂಚಾದರೂ ಗಾಳಿಯ ಮೆತ್ತೆ ಸಿಗಬೇಕು. ಮೂಳೆಯೇ ಕೈಗೆ ತಗುಲಿದರೆ ಒತ್ತಡ ಏರಿಸಬೇಕು. ಕರೆಂಟು ಹೋದರೆ ನಮ್ಮ ಹಾಸಿಗೆ ಸ್ವಲ್ಪ ಹೊತ್ತಿನಲ್ಲೇ ಇಳಿದುಹೋಗುತ್ತಿತ್ತು. ಬೇಸಿಗೆಯಲ್ಲಿ ಅದು ದಿನನಿತ್ಯದ ಕಥೆ. ಹಾಗಾಗಿ ಕೆಳಗೆ ಫೋಮ್ ಹಾಸಿಗೆ ಇದ್ದೇ ಇರುತ್ತಿತ್ತು, ಕರೆಂಟಿಲ್ಲದಷ್ಟು ಹೊತ್ತು ಗಂಟೆಗೊಮ್ಮೆ ಹೊರಳಿಸುತ್ತಿದ್ದೆವು.

ನೋಡಲು ಬಂದ ನೆಂಟರೆಲ್ಲ ಒಂದೊಂದು ಔಷಧ ಹೇಳಿದರು. ಅರಿಶಿನ, ಸ್ಪಿರಿಟ್, ಟಾಲ್ಕಂ ಪೌಡರ್, ಕೆಂಪಾದಲ್ಲಿ ಕೊಬ್ಬರಿ ಎಣ್ಣೆ ಹಾಕಿ ಚೆನ್ನಾಗಿ ತಿಕ್ಕುವುದು. ದೊಡ್ಡಪ್ಪ ಪಾಪ, ತುಮಕೂರಿನವರೆಗೆ ಹೋಗಿ ನಡುವೆ ತೂತಿರುವ ಗಾಳಿ ಟ್ಯೂಬ್ ತಂದುಕೊಟ್ಟರು. ಯಾರದೂ ಕೆಟ್ಟ ಮನಸ್ಸಲ್ಲ. ಆದರೆ ಕೆಂಪಾದ ಜಾಗವನ್ನು ತಿಕ್ಕಿದರೆ ಒಳಗೆ ಆಗಲೇ ನೊಂದಿರುವ ರಕ್ತನಾಳಗಳು ಇನ್ನಷ್ಟು ಒಡೆಯುತ್ತವೆ. ಸ್ಪಿರಿಟ್ ಹೊಸದಾಗಿ ಹುಟ್ಟುವ ಮಾಂಸವನ್ನೇ ಸುಡುತ್ತದೆ. ಪೌಡರು ಬೆವರಿಗೆ ಸೇರಿ ಕಣಕಣವಾಗಿ ಮರಳಿನಂತೆ ಉಜ್ಜುತ್ತದೆ. ಆ ಟ್ಯೂಬಂತೂ ತೂತಿನ ಸುತ್ತಲಿನ ಅಂಚಿನಲ್ಲಿ ಒತ್ತಿ, ನಡುವಿನ ಜಾಗಕ್ಕೆ ಬರುವ ರಕ್ತವನ್ನು ತಡೆಯುತ್ತದೆ. ಕೊಬ್ಬರಿ ಎಣ್ಣೆಗೆ ನಮ್ಮೂರಲ್ಲಿ ಬರವಿಲ್ಲ. ಕೈಕಾಲಿನ ಒಣ ಚರ್ಮಕ್ಕೆ ಮೆಲ್ಲಗೆ ಸವರಿದೆವು, ಅಷ್ಟೇ. ಹುಣ್ಣಿಗೆ ಏನು ಹಚ್ಚುತ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಹುಣ್ಣಿನ ಮೇಲಿಂದ ಭಾರ ಇಳಿಸಿದಿರಾ ಅಂತ ಯಾರೂ ಕೇಳುವುದಿಲ್ಲ. ಭಾರ ಇಳಿಸದೆ ಹಚ್ಚಿದ ಯಾವ ಮುಲಾಮೂ ಅಪ್ಪನ ಹುಣ್ಣನ್ನು ವಾಸಿ ಮಾಡುತ್ತಿರಲಿಲ್ಲ, ಇದನ್ನು ಎದೆ ತಟ್ಟಿ ಹೇಳುತ್ತೇನೆ.

ಡ್ರೆಸಿಂಗ್ ಬೆಳಗ್ಗೆ ಹತ್ತಕ್ಕೆ, ಕಿಟಕಿಯ ಬೆಳಕಿನಲ್ಲಿ. ಅರ್ಧ ಗಂಟೆ ಮುಂಚೆ ಡಾಕ್ಟರು ಬರೆದ ನೋವಿನ ಮಾತ್ರೆ. ಸಲೈನ್ ಬಾಟಲಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಇಟ್ಟಿರುತ್ತಿದ್ದೆ, ತಣ್ಣಗಿನದು ಸುರಿದರೆ ಅಪ್ಪ ಬೆಚ್ಚಿಬೀಳುತ್ತಿದ್ದ. ಕೈ ತೊಳೆದು, ಗ್ಲೌಸ್ ಹಾಕಿ, ಹಳೇ ಪಟ್ಟಿಯನ್ನು ಸಲೈನಿನಲ್ಲಿ ನೆನೆಸಿ ಬಿಡಿಸುವುದು. ಒಣಗಿದ್ದನ್ನು ಕಿತ್ತರೆ ಅದರ ಜೊತೆ ಎಳೇ ಮಾಂಸವೂ ಕಿತ್ತು ಬರುತ್ತದೆ. ಸಿರಿಂಜಿನಲ್ಲಿ ಸಲೈನ್ ಬಿಟ್ಟು ಒಳಗೆ ತೊಳೆಯುವುದು. ಸುತ್ತಲಿನ ಚರ್ಮವನ್ನು ಒತ್ತಿ ಒತ್ತಿ ಆರಿಸುವುದು, ಉಜ್ಜುವುದಿಲ್ಲ. ಗುಂಡಿಯಲ್ಲಿ ಡಾಕ್ಟರು ಹೇಳಿದ ಔಷಧದ ಗಾಜ್ ಬಟ್ಟೆಯನ್ನು ಸಡಿಲವಾಗಿ ಇಡುವುದು. ಮೊದಲ ಸಲ ನಾನು ದಿಂಬಿಗೆ ಹತ್ತಿ ತುಂಬಿದ ಹಾಗೆ ಒತ್ತಿ ತುಂಬಿದ್ದೆ. ಸಿಸ್ಟರಕ್ಕ ಎಲ್ಲ ಹೊರಗೆ ತೆಗೆಸಿದರು, "ಒಳಗಿಂದಾನೂ ಒತ್ತಡ ಬೇಡಮ್ಮ" ಅಂತ. ಸುತ್ತಲಿನ ಚರ್ಮಕ್ಕೆ ಜಿಂಕ್ ಆಕ್ಸೈಡ್ ಕ್ರೀಮಿನ ತೆಳು ಲೇಪ. ಹುಣ್ಣಿಗೂ ಮಲದ್ವಾರಕ್ಕೂ ನಾಲ್ಕು ಬೆರಳಿನ ಅಂತರ, ಆದ್ದರಿಂದ ಪಟ್ಟಿಯ ಕೆಳ ಅಂಚು ಗಟ್ಟಿಯಾಗಿ ಅಂಟಲೇಬೇಕು. ಪಟ್ಟಿ ಹೇಸಿಗೆಯಾದರೆ ಅದು ರಾತ್ರಿ ಎರಡು ಗಂಟೆಯೇ ಆಗಿರಲಿ, ಆಗಲೇ ಬದಲಿಸುವುದು. ಮುಂದೆ ಗುಂಡಿ ಕೆಂಪಾಗಿ, ಒಸರುವುದು ಕಮ್ಮಿಯಾದಾಗ ಫೋಮ್ ಡ್ರೆಸಿಂಗಿಗೆ ಬದಲಾಯಿಸಿದರು. ದುಬಾರಿ ಅನಿಸಿದರೂ ಮೂರ್ನಾಲ್ಕು ದಿನ ಹಾಗೇ ಬಿಡಬಹುದು.

ವಾರಕ್ಕೊಮ್ಮೆ, ಸೋಮವಾರ, ಅಳತೆ. ಟೇಪು ಹಿಡಿಯುವುದು ನನ್ನ ಕಸುಬು. ಆದರೆ ಅಷ್ಟು ಭಯದಲ್ಲಿ ಎಂದೂ ಟೇಪು ಹಿಡಿದಿರಲಿಲ್ಲ. ಪಕ್ಕದಲ್ಲಿ ಕಾಗದದ ಅಳತೆಪಟ್ಟಿ ಇಟ್ಟು ಅದೇ ಬೆಳಕಲ್ಲಿ ಫೋಟೋ ತೆಗೆಯುತ್ತಿದ್ದೆ. ಮೊದಲ ಮೂರು ವಾರ ಒಂದು ಮಿಲಿಮೀಟರೂ ಕದಲಲಿಲ್ಲ.

ಆಗ ಡಾಕ್ಟರು ಊಟ ಕೇಳಿದರು. ಅಪ್ಪನಿಗೆ ಮೊದಲಿನಿಂದ ಮುದ್ದೆ, ಸೊಪ್ಪಿನ ಸಾರು, ರಾತ್ರಿ ಮಜ್ಜಿಗೆ ಅನ್ನ. ಹುಣ್ಣು ತುಂಬಿಕೊಳ್ಳಬೇಕಾದರೆ ಕೆಜಿ ತೂಕಕ್ಕೆ ದಿನಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕಂತೆ. ಅಪ್ಪ 55 ಕೆಜಿ. ಅಂದರೆ ಸುಮಾರು 70ರಿಂದ 80 ಗ್ರಾಂ. ನಾನೂ ತಮ್ಮನ ಹೆಂಡತಿಯೂ ಕೂತು ಲೆಕ್ಕ ಹಾಕಿದರೆ ಅಪ್ಪ ತಿನ್ನುತ್ತಿದ್ದದ್ದು ಅದರ ಅರ್ಧವೂ ಇರಲಿಲ್ಲ. ಮೊದಲು ಕಿಡ್ನಿ ಸರಿಯಿದೆಯೇ ಅಂತ ರಕ್ತ ಪರೀಕ್ಷೆ ಮಾಡಿಸಿದರು. ಕಿಡ್ನಿ ತೊಂದರೆ ಇದ್ದವರಿಗೆ ಈ ಲೆಕ್ಕ ಬೇರೆ. ಆಮೇಲೆ ಶುರುವಾಯಿತು ನೋಡಿ: ಗಟ್ಟಿ ತೊವ್ವೆ, ಹೆಸರುಕಾಳು ಬೇಯಿಸಿ ಅರೆದದ್ದು, ಗಟ್ಟಿ ಮೊಸರು, ದಿನಕ್ಕೆ ಮೂರು ಲೋಟ ಹಾಲು, ಪನೀರ್ ಪುಡಿ ಮಾಡಿ ಉಪ್ಪಿಟ್ಟಿಗೆ, ಹುರಿದ ಕಡಲೆಬೀಜದ ನುಣ್ಣನೆ ಪುಡಿ ಗಂಜಿಗೆ. ಮೊಟ್ಟೆ ಮನೆಯೊಳಗೆ ಬಂದದ್ದೇ ಇಲ್ಲ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಅಂತ ಕೇಳಿ ಅಮ್ಮ ತಾನೇ, "ತರಿಸು, ಹಿತ್ತಲಲ್ಲಿ ಬೇಯಿಸ್ತೀನಿ" ಅಂದಳು. ಎಪ್ಪತ್ತು ದಾಟಿದ ಜೀವ ಅಷ್ಟು ಅಂದದ್ದು ನನಗೆ ದೊಡ್ಡದಾಗಿ ಕಂಡಿತು. ಅಪ್ಪ ಒಪ್ಪಲಿಲ್ಲ, ನಾವೂ ಒತ್ತಾಯ ಮಾಡಲಿಲ್ಲ. ಹಾಲು ಬೇಳೆಯಲ್ಲೇ 70 ಮುಟ್ಟಿಸಿದೆವು. ಶುಗರ್ ಮಾತ್ರೆ ಸಾಲದೆ ಇನ್ಸುಲಿನ್ ಶುರುಮಾಡಿದರು. ಆರನೇ ಸೋಮವಾರ ಅಳತೆ 4.4 ಮತ್ತು 3.5. ಮೂರು ಸಲ ಅಳೆದೆ. ಗುಂಡಿಯ ತಳದಲ್ಲಿ ದಾಳಿಂಬೆ ಕಾಳಿನಂಥ ಕೆಂಪು ಕಣಗಳು. "ಅದೇ ಹೊಸ ಮಾಂಸ" ಅಂದರು ಸಿಸ್ಟರಕ್ಕ.

ನಡುವೆ ಒಮ್ಮೆ ಹೆದರಿದ್ದೂ ಉಂಟು. ಮೂರನೇ ತಿಂಗಳಲ್ಲಿ ಒಂದು ಸಂಜೆ ಅಪ್ಪನಿಗೆ ಚಳಿ ಜ್ವರ, ಮಾತು ತಡವರಿಕೆ. ಪಟ್ಟಿ ಬಿಚ್ಚಿದರೆ ವಾಸನೆ, ಅಂಚಿನಿಂದ ಆಚೆಗೂ ಕೆಂಪು ಹರಡಿ ಬಿಸಿಯಾಗಿತ್ತು. ಬೆಳಗಾಗಲಿ ಅನ್ನದೆ ಆಗಲೇ ಆಸ್ಪತ್ರೆಗೆ ಕರೆದೊಯ್ದೆವು. ಐದು ದಿನ ರಕ್ತನಾಳಕ್ಕೆ ಆಂಟಿಬಯೋಟಿಕ್ ಕೊಟ್ಟರು. ಸೋಂಕು ರಕ್ತಕ್ಕೆ ಸೇರಿದರೆ ಜೀವಕ್ಕೇ ಸಂಚಕಾರ. ಜ್ವರ, ಹೊಸ ವಾಸನೆ, ಹರಡುವ ಕೆಂಪು, ಇದ್ದಕ್ಕಿದ್ದಂತೆ ಮಂಕು, ಮೂಳೆ ಕಾಣುವುದು, ಇವುಗಳಲ್ಲಿ ಒಂದು ಕಂಡರೂ ಮನೆಯಲ್ಲಿ ಕಾಯಬೇಡಿ.

ನನಗೆ ಬಹಳ ತಡವಾಗಿ ಗೊತ್ತಾದ ಇನ್ನೊಂದು ಮಾತು ಇದೆ. ಮೂಳೆ ಉಬ್ಬಿರುವಲ್ಲಿ ಚರ್ಮ ಕೆಂಪಾಗಿದ್ದರೆ ಬೆರಳಿನಿಂದ ಒತ್ತಿ ಬಿಡಬೇಕು. ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ. ಒತ್ತಿದರೂ ಬೆಳ್ಳಗಾಗದಿದ್ದರೆ ಹುಣ್ಣು ಶುರುವಾಗಿದೆ. ಆದರೆ ಬಿಸಿಲಲ್ಲಿ ದುಡಿದ ನಮ್ಮಪ್ಪನಂಥವರ ಕಪ್ಪು ಮೈಯಲ್ಲಿ ಈ ಕೆಂಪು ಎಷ್ಟೋ ಸಲ ಕಾಣುವುದೇ ಇಲ್ಲ. ಸುತ್ತಲಿಗಿಂತ ಸ್ವಲ್ಪ ಕಡುಗಪ್ಪು ಅಥವಾ ನೇರಳೆ ಛಾಯೆ, ಅಷ್ಟೇ. ಅದಕ್ಕೆ ಕಣ್ಣಿಗಿಂತ ಕೈ ಬೇಕು. ಅಂಗೈ ಹಿಂಬದಿಯನ್ನು ಇಟ್ಟು ನೋಡಿದರೆ ಆ ಜಾಗ ಸುತ್ತಲಿಗಿಂತ ಬೆಚ್ಚಗೋ ತಣ್ಣಗೋ ಇರುತ್ತದೆ, ಗಟ್ಟಿಯಾಗಿಯೋ ಮೆದುವಾಗಿಯೋ ಇರುತ್ತದೆ. ಬೆನ್ನ ಬುಡ, ಎರಡೂ ತೊಡೆಯ ಹೊರಮೂಳೆ, ಹಿಮ್ಮಡಿ, ಮೊಣಕೈ, ಹೆಗಲ ಮೂಳೆ, ತಲೆಯ ಹಿಂಬದಿ, ಕಿವಿಯ ಅಂಚು. ಹಾಗೆ ಕೈಯಾಡಿಸುವಾಗಲೇ ಒಂದು ದಿನ ತೊಡೆಯ ಕೆಳಗೆ ಮೂತ್ರದ ಪೈಪು ಸಿಕ್ಕಿಕೊಂಡು ಕಾಲುವೆಯಂಥ ಗೆರೆ ಬಿದ್ದದ್ದು ಕೈಗೆ ಹತ್ತಿತು. ಪೈಪನ್ನು ತೊಡೆಯ ಮೇಲಿಂದ ಹಾಯಿಸಿ ಅಂಟಿಸಿದೆ.

ಆಷಾಢ ಕಳೆದು ಶ್ರಾವಣ ಬಂದಾಗ ಹುಣ್ಣು ಪೂರ್ತಿ ಮುಚ್ಚಿತು. ಅಲ್ಲಿ ಈಗ ಗುಲಾಬಿ ಬಣ್ಣದ ನುಣುಪು ಕಲೆ ಇದೆ. ತೇಪೆ ಹಾಕಿದ ಬಟ್ಟೆ ಅದು. ಅಲ್ಲಿನ ಚರ್ಮಕ್ಕೆ ಮೊದಲಿನ ಗಟ್ಟಿತನ ಎಂದೂ ಪೂರ್ತಿ ಬರುವುದಿಲ್ಲವಂತೆ, ಮತ್ತೆ ಒಡೆದರೆ ಅಲ್ಲೇ ಮೊದಲು ಒಡೆಯುತ್ತದೆ. ಆದ್ದರಿಂದ ಬಿಲ್ ಪುಸ್ತಕ ನಿಂತಿಲ್ಲ, ಈಗ ನಾಲ್ಕನೆಯದು ನಡೆಯುತ್ತಿದೆ. ಮಂಚದ ಪಕ್ಕಕ್ಕೆ ತಮ್ಮ ಕಬ್ಬಿಣದ ಹಿಡಿ ಬೆಸುಗೆ ಹಾಕಿಸಿದ್ದಾನೆ. ಅಪ್ಪ ಬಲಗೈಯಲ್ಲಿ ಅದನ್ನು ಹಿಡಿದು ಅರ್ಧ ತಾನೇ ಹೊರಳುತ್ತಾನೆ. ಮೊನ್ನೆ ರಾತ್ರಿ ಅಲಾರಂ ಹೊಡೆಯಲಿಲ್ಲ, ಫೋನ್ ಚಾರ್ಜ್ ಮುಗಿದಿತ್ತು. "ಅವ್ವಾ, ಈ ಮಗ್ಗುಲು ಸಾಕಾಯ್ತು ಕಣೆ" ಅಂತ ಒಳಗಿಂದ ಕರೆದ. ಎದ್ದು ಹೋಗಿ ದೀಪ ಹಾಕಿದೆ. ಗೋಡೆ ಗಡಿಯಾರದಲ್ಲಿ ಎರಡೂ ಹತ್ತು.